ಉಕ್ಕಿನ ಮೇಲೆ ಡಿಎಲ್‌ಸಿ, ಕ್ರೋಮಿಯಂ ಇಲ್ಲದೆ: ನನ್ನ ಅನುಭವ

ಸ್ಪಟರ್ ಮಾಡಿದ (ಅಯಾನು ಬಡಿಸಿ ಲೋಹ ಚಿಮ್ಮಿಸಿ ಕೂರಿಸಿದ) ಕ್ರೋಮಿಯಂ ಪದರ ಇಲ್ಲದೆ ಉಕ್ಕಿನ ಮೇಲೆ ಡಿಎಲ್‌ಸಿ, ಅಂದರೆ ವಜ್ರದಂಥ ಗಡಸು ಇಂಗಾಲದ ಲೇಪ, ನಿಲ್ಲುವುದೇ ಇಲ್ಲ ಅಂತ ಜೊತೆಯವರೆಲ್ಲ ಹೇಳಿದ್ದರು. ಈಗ ನಿಂತಿದೆ. ದಪ್ಪ ಒಂದು ಮೈಕ್ರಾನ್‌ಗಿಂತ ಸ್ವಲ್ಪ ಜಾಸ್ತಿ. ಹಿಡಿತ ನೋಡಲು ಚೂಪು ಮೊನೆ ಒತ್ತಿ ಮಾಡಿದ ರಾಕ್‌ವೆಲ್ ಗುಳಿಯ ಸುತ್ತ ಸಣ್ಣ ಬಿರುಕು ಬಂದಿದೆ, ಪದರ ಎದ್ದಿಲ್ಲ.

ನನ್ನ ಹತ್ತಿರ ಇರುವುದು 13.56 ಮೆಗಾಹರ್ಟ್ಸ್‌ನ ಸಾದಾ ಆರ್‌ಎಫ್ ಚೇಂಬರ್, ಅಂದರೆ ರೇಡಿಯೋ ಆವರ್ತನದ ವಿದ್ಯುತ್‌ನಿಂದ ಅನಿಲವನ್ನು ಪ್ಲಾಸ್ಮಾ ಮಾಡುವ ವ್ಯಾಕ್ಯೂಮ್ ಪೆಟ್ಟಿಗೆ. ಸ್ಪಟರ್ ಗನ್, ಪವರ್ ಸಪ್ಲೈ, ಟಾರ್ಗೆಟ್ ಅಂತ ಹೊರಟಿದ್ದರೆ ಚೇಂಬರ್‌ಗೆ ಸುರಿದಷ್ಟೇ ದುಡ್ಡು ಮತ್ತೆ ಸುರಿಯಬೇಕಿತ್ತು. ಅದಕ್ಕೇ ಈ ಹಟ.

ಮೊದಲು ಉಕ್ಕನ್ನು ಆರ್ಗಾನ್ ಪ್ಲಾಸ್ಮಾದಲ್ಲಿ ಸ್ವಲ್ಪ ತೊಳೆದು, ಇಂಗಾಲ ಕೊಡುವ ಅಸಿಟಿಲೀನ್ ಅನಿಲವನ್ನು ನೇರವಾಗಿ ಬಿಟ್ಟೆ. ಹೊರಗೆ ತೆಗೆದಾಗ ಪದರ ಕಪ್ಪಗೆ ಹೊಳೆಯುತ್ತಿತ್ತು. ಗಾಳಿ ತಾಗಿದ ಸ್ವಲ್ಪ ಹೊತ್ತಿಗೆ ಅಂಚಿನಿಂದ ಹಾವು ಹರಿದ ಹಾಗೆ ಅಂಕುಡೊಂಕು ಉಬ್ಬುಗಳು ಎದ್ದವು. ಮೈಕ್ರೋಸ್ಕೋಪ್ ಕೆಳಗೆ ಅವು ಮುಂದೆ ಮುಂದೆ ಸಾಗುವುದನ್ನು ಕಣ್ಣಾರೆ ನೋಡಬಹುದು! ಒಳಗಿನ ಒತ್ತಡ ಒಂದೆರಡು ಗಿಗಾಪಾಸ್ಕಲ್, ಕೆಳಗಿನ ಕಬ್ಬಿಣಕ್ಕೆ ಇಂಗಾಲದ ಮೇಲೆ ಗಟ್ಟಿ ಹಿಡಿತವಿಲ್ಲ. ಏಳದೆ ಇನ್ನೇನಾಗುತ್ತದೆ?

ಬಯಾಸ್ (ಅಯಾನುಗಳನ್ನು ಉಕ್ಕಿನತ್ತ ಎಳೆಯುವ ವೋಲ್ಟೇಜ್) ಇಳಿಸಿದೆ. ಏಳುವುದು ನಿಂತಿತು, ಆದರೆ ಪದರ ಮೆತ್ತಗಾಯಿತು. ರಾಮನ್‌ನಲ್ಲಿ (ಲೇಸರ್ ಬೆಳಕು ಚೆದುರುವುದನ್ನು ನೋಡಿ ಬಂಧಗಳನ್ನು ಗುರುತಿಸುವ ಪರೀಕ್ಷೆ) ಹಿನ್ನೆಲೆ ಓರೆಯಾಗಿ ಮೇಲೇರಿತು, ಅಂದರೆ ಹೈಡ್ರೋಜನ್ ಜಾಸ್ತಿ. ಬಯಾಸ್ ವಿಪರೀತ ಏರಿಸಿದರೆ ಒತ್ತಡ ಇಳಿಯುತ್ತದೆ ನಿಜ, ಆದರೆ ಪದರ ಗ್ರಾಫೈಟ್ ಕಡೆ ವಾಲುತ್ತದೆ. ಈ ಹಗ್ಗಜಗ್ಗಾಟದಲ್ಲಿ ಅಸಿಟಿಲೀನ್‌ಗೆ ಹೋದ ದುಡ್ಡೇ ದೊಡ್ಡದು. ಸಿಲಿಂಡರ್ ಖಾಲಿಯಾಗುತ್ತ ಬಂದಂತೆ ಒಳಗೆ ಅಸಿಟಿಲೀನ್ ಕರಗಿಸಿಟ್ಟ ಅಸಿಟೋನ್‌ನ ಆವಿ ಜಾಸ್ತಿ ಬರುತ್ತದೆ, ಅಲ್ವಾ? ಹಾಗಾಗಿ ಕೊನೆಯ ಭಾಗವನ್ನು ನಾನು ಬಳಸುವುದೇ ಇಲ್ಲ.

ಕೆಲಸ ಮಾಡಿದ್ದು ಟೆಟ್ರಾಮೀಥೈಲ್‌ಸೈಲೇನ್. ಸಿಲಿಕಾನ್ ಇರುವ, ಸುಮಾರು 27 ಡಿಗ್ರಿಗೇ ಕುದಿಯುವ ದ್ರವ, ವ್ಯಾಕ್ಯೂಮ್‌ಗೆ ಹೀಟರ್ ಇಲ್ಲದೆ ತಾನೇ ಆವಿಯಾಗಿ ಬರುತ್ತದೆ. ಒಂದು ಸೂಜಿ ವಾಲ್ವ್ ಸಾಕು. ಬಾಟಲಿ ದುಬಾರಿ, ಆದರೆ ಒಂದು ಸಲಕ್ಕೆ ಬೇಕಾಗುವುದು ತೀರಾ ಕಮ್ಮಿ. ಆರ್ಗಾನ್ ಎಚಿಂಗ್ (ಅದೇ ಪ್ಲಾಸ್ಮಾ ತೊಳೆತ) ಅನ್ನು ಅರ್ಧ ಗಂಟೆಯ ಹತ್ತಿರ ಎಳೆದೆ, 500 ವೋಲ್ಟ್ ಆಸುಪಾಸು. ಆಮೇಲೆ ಪ್ಲಾಸ್ಮಾ ಒಂದು ಕ್ಷಣವೂ ಆರದ ಹಾಗೆ ಆವಿ ಬಿಟ್ಟು 100 ನ್ಯಾನೋಮೀಟರ್‌ನಷ್ಟು ಸಿಲಿಕಾನ್ ಬೆರೆತ ಪದರ ಕೂರಿಸಿದೆ. ಸಿಲಿಕಾನ್ ಕೆಳಗೆ ಕಬ್ಬಿಣವನ್ನೂ ಮೇಲೆ ಇಂಗಾಲವನ್ನೂ ಹಿಡಿಯುತ್ತದೆ. ನಂತರ ಅಸಿಟಿಲೀನ್ ಏರಿಸುತ್ತ ಆವಿ ಇಳಿಸಿದೆ, ಬಯಾಸ್ 400 ವೋಲ್ಟ್ ಸುತ್ತ. ಮಧ್ಯೆ ಪ್ಲಾಸ್ಮಾ ಆರಿದರೆ ಪದರ ಸರಿಯಾಗಿ ಅಲ್ಲೇ ಬಿಡುತ್ತದೆ. ಏರಿಳಿತದ ಲೆಕ್ಕ ಮತ್ತು ಅಂಚನ್ನು ಮರೆಮಾಡುವ ರೀತಿ ಮಾತ್ರ ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳುವುದಕ್ಕೇ ನನ್ನ ಜಾಸ್ತಿ ಸಿಲಿಂಡರ್ ಖಾಲಿಯಾಗಿದ್ದು.

ಸುಮ್ನೆ ಕುತೂಹಲಕ್ಕೆ ಒಂದು ತುಂಡನ್ನು ಆರ್ಗಾನ್‌ನಲ್ಲಿ 400 ಡಿಗ್ರಿ ದಾಟಿಸಿ ಕಾಯಿಸಿದೆ. ಹಸಿರು ಲೇಸರ್‌ನ ರಾಮನ್‌ನಲ್ಲಿ ಮೊದಲು 1540ರ (ಸೆಂ.ಮೀ.⁻¹) ಹತ್ತಿರ ಇದ್ದ ಜಿ ಶಿಖರ, ಅಂದರೆ ಗ್ರಾಫೈಟ್ ಥರದ ಬಂಧಗಳ ಗುರುತು, 1590ರ ಕಡೆ ಸರಿಯಿತು. ಭುಜದಂತಿದ್ದ ಡಿ ಶಿಖರ (ಇಂಗಾಲದ ಉಂಗುರಗಳ ಗುರುತು), 1350ರ ಬಳಿ ಬೇರೆಯಾಗಿ ಎದ್ದು ನಿಂತಿತು. ಹೈಡ್ರೋಜನ್ ಹೋಗಿ ಗ್ರಾಫೈಟ್ ಆಗತೊಡಗಿದೆ, ಗಡಸುತನವೂ ಕುಸಿದಿದೆ. ಪದರ ಮಾತ್ರ ಉಕ್ಕನ್ನು ಬಿಟ್ಟಿಲ್ಲ. ಆದರೂ ಅಷ್ಟು ಕಾಯುವ ಭಾಗ ತಂದರೆ ನಾನು ಈ ಲೇಪ ಹಾಕಿಕೊಡುವುದಿಲ್ಲ.