ಹುಲ್ಲಿನಲ್ಲಿ ಮೊಲದ ಮರಿ ಕಂಡರೆ ಏನು ಮಾಡಬೇಕು

ನಮ್ಮದು ಮಧುಗಿರಿ ಕಡೆಯ ಹಳ್ಳಿ. ಮನೆಯ ಹಿಂದೆ ಎರಡು ಎಕರೆ ಬೀಳು ಇದೆ, ದನಗಳ ಹುಲ್ಲಿಗೆಂದೇ ಬಿಟ್ಟಿದ್ದು. ಮಳೆ ಚೆನ್ನಾಗಿ ಬಿದ್ದ ವರ್ಷ ಅಲ್ಲಿ ಕಾಲಿಡಲು ಮನಸ್ಸಾಗುವುದಿಲ್ಲ. ಹುಲ್ಲಿನ ನಡುವೆ ಬಿಳಿ ತುಂಬೆ, ನಸುಗೆಂಪಿನ ಅಣ್ಣೆ ಹೂವು, ನೆಲಕ್ಕೆ ಅಂಟಿಕೊಂಡ ನೀಲಿ ವಿಷ್ಣುಕ್ರಾಂತಿ. ದಸರಾ ಕಳೆದು ಕುಡುಗೋಲು ಹಿಡಿದು ಇಳಿದಾಗಲೇ ಮೊಲದ ಮರಿಗಳು ಕಣ್ಣಿಗೆ ಬೀಳುವುದು. ಪ್ರತಿ ವರ್ಷ ಯಾರಾದರೂ ಬಂದು, "ಅಕ್ಕಾ, ಮರಿ ಸಿಕ್ಕಿದೆ, ಏನು ತಿನ್ನಿಸಲಿ?" ಅಂತ ಕೇಳುತ್ತಾರೆ.

ಅದು ಸಿಕ್ಕಿದ್ದಲ್ಲ. ತಾಯಿ ಅದನ್ನು ಅಲ್ಲಿ ಬಚ್ಚಿಟ್ಟು ಹೋಗಿದೆ.

ಮನೆಯಲ್ಲಿ ಸಾಕುವ ಬಿಳಿ ಮೊಲಕ್ಕೂ ಹೊಲದ ಮೊಲಕ್ಕೂ ನಾವು ಒಂದೇ ಹೆಸರು ಇಟ್ಟಿದ್ದೇವೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಸಾಕುಮೊಲದ ಮರಿಗೆ ಹುಟ್ಟುವಾಗ ಕೂದಲಿರುವುದಿಲ್ಲ, ಕಣ್ಣೂ ಮುಚ್ಚಿರುತ್ತದೆ. ಹೊಲದ ಮೊಲ ಬಿಲ ತೋಡುವುದಿಲ್ಲ. ಅದರ ಮರಿ ಮೈತುಂಬ ಕೂದಲು ಹೊತ್ತು, ಕಣ್ಣು ಬಿಟ್ಟುಕೊಂಡೇ ಬಯಲಲ್ಲಿ ಹುಟ್ಟುತ್ತದೆ. ಕೆಲವೇ ದಿನಕ್ಕೆ ಒಂದೊಂದು ಮರಿ ಒಂದೊಂದು ಕಡೆ ಅಡಗಿ ಕೂರುತ್ತದೆ. ತಾಯಿ ಹಗಲೆಲ್ಲ ಹತ್ತಿರ ಸುಳಿಯುವುದಿಲ್ಲ. ಸುಳಿದರೆ ನರಿ, ನಾಯಿಗೆ ದಾರಿ ತೋರಿಸಿದಂತೆ ಅಲ್ವಾ? ಕತ್ತಲಾಗುವ ಹೊತ್ತಿಗೆ ಬಂದು, ಗಟ್ಟಿ ಹಾಲನ್ನು ಕೆಲವೇ ನಿಮಿಷ ಕುಡಿಸಿ ಹೋಗುತ್ತದೆ. ಮರಿ ಒಂಟಿಯಾಗಿ, ಅಲ್ಲಾಡದೆ ಕೂತಿದ್ದರೆ ಎಲ್ಲ ಸರಿಯಾಗಿದೆ ಅಂತ ಅರ್ಥ.

ನನಗೆ ಇದು ಗೊತ್ತಿರಲಿಲ್ಲ. ಹನ್ನೊಂದು ವರ್ಷದವಳಿದ್ದಾಗ ಎರಡು ಮರಿಗಳನ್ನು ಲಂಗದಲ್ಲಿ ಕಟ್ಟಿಕೊಂಡು ಮನೆಗೆ ತಂದೆ. ಹತ್ತಿಯಲ್ಲಿ ಹಸುವಿನ ಹಾಲು ಹಿಂಡಿ ಕುಡಿಸಿದೆ. ಮಾರನೆ ದಿನ ಹೊಟ್ಟೆ ಕೆಟ್ಟಿತು. ಮೂರನೆ ದಿನ ಬೆಳಿಗ್ಗೆ ಬುಟ್ಟಿಯಲ್ಲಿ ಎರಡೂ ತಣ್ಣಗಾಗಿದ್ದವು. ಆ ಬುಟ್ಟಿಯ ಮುಚ್ಚಳ ತೆಗೆದ ಗಳಿಗೆ ಇವತ್ತಿಗೂ ಮರೆತಿಲ್ಲ. ದಯವಿಟ್ಟು ಹಸುವಿನ ಹಾಲು ಕುಡಿಸಬೇಡಿ. ಅದು ಮೊಲದ ಮರಿಯ ಹೊಟ್ಟೆಗೆ ಒಗ್ಗುವುದಿಲ್ಲ. ಬಾಯಿಗೆ ಹಿಂಡಿದ ಹಾಲು ಶ್ವಾಸಕೋಶಕ್ಕೂ ಇಳಿಯಬಹುದು.

ಹಾಗಾದರೆ ಕಂಡಾಗ ಏನು ಮಾಡುವುದು? ನಿಂತಲ್ಲೇ ನಿಲ್ಲಿ. ಪಕ್ಕದಲ್ಲೇ ಇನ್ನೊಂದು ಇರಬಹುದು, ಹೆಜ್ಜೆ ಇಡುವ ಮುಂಚೆ ಕಾಲ ಬುಡ ನೋಡಿ. ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಮುಟ್ಟಬೇಡಿ, ಫೋಟೊ ಅಂತ ಬಗ್ಗಬೇಡಿ. ನಾಯಿ ಜೊತೆಗಿದ್ದರೆ ಮೊದಲು ಕಟ್ಟಿಹಾಕಿ. ಹತ್ತು ಹೆಜ್ಜೆ ದೂರದಲ್ಲಿ ಒಂದು ಕೋಲು ನೆಟ್ಟು ಬಟ್ಟೆ ಕಟ್ಟಿ, ಕೊಯ್ಯುವವರಿಗೆಲ್ಲ ತೋರಿಸಿ. ರಾತ್ರಿ ಟಾರ್ಚ್ ಹಾಕಿ ನೋಡಲು ಹೋಗಲೇಬೇಡಿ. ಬೆಳಕು ಬಿದ್ದರೆ ಮೊಲ ಓಡದೆ ನಿಂತುಬಿಡುತ್ತದೆ. ಬೇಟೆಯವರು ಹಿಡಿಯುವುದೂ ಹಾಗೇ.

ಕೊಯ್ಲೇ ದೊಡ್ಡ ಗಂಡಾಂತರ. ಸದ್ದು ಕೇಳಿದರೆ ಮರಿ ಓಡುವುದಿಲ್ಲ, ಇನ್ನಷ್ಟು ನೆಲಕ್ಕೆ ಅಂಟುತ್ತದೆ. ಕುಡುಗೋಲಿನ ಕಾಲದಲ್ಲಿ ಕೈ ಹುಲ್ಲು ಹಿಡಿಯುವಾಗ ಗೊತ್ತಾಗುತ್ತಿತ್ತು. ಈಗಿನ ಮೆಷಿನ್‌ಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು? ಅದಕ್ಕೆ ನಾವು ಹಿಂದಿನ ಸಂಜೆಯೇ ನಾಲ್ಕು ಜನ ಮಾರುದೂರ ಬಿಟ್ಟು ಸಾಲಾಗಿ ನಡೆಯುತ್ತೇವೆ, ಹುಲ್ಲನ್ನು ಕೋಲಿನಿಂದ ಮೆಲ್ಲಗೆ ಸರಿಸುತ್ತಾ. ಕೊಯ್ಯುವುದು ನಡುವಿನಿಂದ ಬದುವಿನ ಕಡೆಗೆ. ಸುತ್ತಲಿಂದ ಕೊಯ್ದುಕೊಂಡು ಬಂದರೆ ಎಲ್ಲ ಜೀವಗಳೂ ನಡುವೆ ಸಿಕ್ಕಿಕೊಳ್ಳುತ್ತವೆ. ಮರಿ ಕಂಡ ಕಡೆ ಒಂದು ಮಂಚದಷ್ಟಗಲ ಬಿಟ್ಟರೆ ಸಾಲದು. ಬದುವಿಗೆ ಸೇರಿದಂತೆ ಒಂದು ಪಟ್ಟೆಯನ್ನೇ ಬಿಡಿ, ಇಲ್ಲದಿದ್ದರೆ ಗಿಡುಗನಿಗೆ ಗುರುತು ಹಾಕಿಕೊಟ್ಟಂತಾಗುತ್ತದೆ. ಎತ್ತದೆ ಬೇರೆ ದಾರಿಯೇ ಇಲ್ಲ ಅನ್ನುವಾಗ ಮಾತ್ರ ಹಸಿ ಹುಲ್ಲಿಗೆ ಕೈ ಉಜ್ಜಿಕೊಂಡು, ಹುಲ್ಲಿನ ಹಿಡಿಯ ಸಮೇತ ಎತ್ತಿ, ಅತಿ ಹತ್ತಿರದ ಬದುವಿನ ನೆರಳಲ್ಲಿಡಿ.

ನಾಯಿ, ಬೆಕ್ಕು ಕಚ್ಚಿದ್ದರೆ, ರಕ್ತ ಬಂದಿದ್ದರೆ, ನೊಣ ಮುತ್ತಿದ್ದರೆ, ಅಥವಾ ತಾಯಿ ಸತ್ತಿದ್ದು ಕಣ್ಣಾರೆ ಕಂಡಿದ್ದರೆ ಆಗ ಸಹಾಯ ಬೇಕು. ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ, ಮುಚ್ಚಿ, ಸದ್ದಿಲ್ಲದ ಕಡೆ ಇಡಿ. ಏನೂ ಕುಡಿಸಬೇಡಿ. ಮಕ್ಕಳ ಕೈಗೂ ಕೊಡಬೇಡಿ, ಹೆದರಿಕೆಗೇ ಪ್ರಾಣ ಹೋಗಬಹುದು. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹೊಲದ ಮೊಲವನ್ನು ಹಿಡಿದು ಸಾಕುವುದು ಅಪರಾಧ.

ಹೋದ ವರ್ಷ ತುಂಬೆ ಗಿಡದ ಬುಡದಲ್ಲಿ ಒಂದು ಮರಿ ಕಂಡೆ. ನೋಡಿದ್ದು ಒಂದೇ ಗಳಿಗೆ. ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡಿತ್ತು. ಒಣಹುಲ್ಲಿನ ಬಣ್ಣದ ಕೂದಲು, ತುದಿಯಲ್ಲಿ ಕಪ್ಪು. ಒಂದು ತುಂಬೆ ಹೂವು ಬೆನ್ನ ಮೇಲೆ ಉದುರಿತ್ತು, ಅದು ಕೂಡ ಅಲ್ಲಾಡಲಿಲ್ಲ. ಮೂಗಿನ ಹೊಳ್ಳೆ ಮಾತ್ರ ಮಿಡಿಯುತ್ತಿತ್ತು.

ಸಂಜೆ ಕೊಟ್ಟಿಗೆಯ ಕಿಟಕಿಯಲ್ಲಿ ದೀಪ ಹಚ್ಚದೆ ಕೂತೆ. ದನಗಳೆಲ್ಲ ಮಲಗಿದ ಮೇಲೆ ಬದುವಿನಿಂದ ದೊಡ್ಡ ಮೊಲ ಇಳಿಯಿತು. ಎರಡು ಸಲ ನಿಂತು ಕಿವಿ ನಿಮಿರಿಸಿತು. ಕತ್ತಿನ ಹಿಂದಿನ ಕಪ್ಪು ಮಚ್ಚೆ ಮಬ್ಬಿನಲ್ಲೂ ಕಂಡಿತು. ತುಂಬೆಯ ಹತ್ತಿರ ಹೋಗಿ ಕೂತಿತು, ಸ್ವಲ್ಪ ಹೊತ್ತಿಗೆ ಎದ್ದು ಹೊರಟಿತು.

ಆ ಪಟ್ಟೆಯನ್ನು ಮೂರು ವಾರ ಬಿಟ್ಟು ಕೊಯ್ದೆವು. ಗಿಡದ ಬುಡದಲ್ಲಿ ಅಂಗೈ ಅಗಲದ ತಗ್ಗು ಇನ್ನೂ ನುಣ್ಣಗಿತ್ತು. ಪಕ್ಕದಲ್ಲಿ ಹೆಸರುಕಾಳಿಗಿಂತ ತುಸು ದಪ್ಪನೆಯ ಹಿಕ್ಕೆ, ಓರೆಯಾಗಿ ಕಡಿದ ಎರಡು ಹುಲ್ಲುಕಡ್ಡಿ.