ಪೈಪಿನ ಜಾಲದಲ್ಲಿ ಶಬ್ದವನ್ನು ಮೂಲೆ ತಿರುಗಿಸುವುದು: ನನ್ನ ಅನುಭವ

ಶಬ್ದವನ್ನು ತಡೆದು, ಬೇಕಾದ ದಾರಿಯಲ್ಲೇ ತಿರುಗಿಸುವ ಜಾಲ ಕಟ್ಟಲು ಮಡಿಕೇರಿಯ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿವಿಸಿ ಪೈಪೇ ಸಾಕು. 10 ಸೆಂ.ಮೀ. ತುಂಡು ಮಾಡಿ, ಎರಡು ಪ್ಲೈವುಡ್ ಹಲಗೆಗಳ ನಡುವೆ ಚೌಕ ಜಾಲವಾಗಿ, ನಡುವಿನಿಂದ ನಡುವಿಗೆ 15 ಸೆಂ.ಮೀ. ಬಿಟ್ಟು ನಿಲ್ಲಿಸುತ್ತೇನೆ. ಶಬ್ದದ ವೇಗವನ್ನು ಈ ಅಂತರದ ಎರಡರಷ್ಟರಿಂದ ಭಾಗಿಸಿ: 343/0.30, ಸುಮಾರು 1140 ಹರ್ಟ್ಸ್. ಅದರ ಆಸುಪಾಸಿನ ಶಬ್ದ ಜಾಲದೊಳಗೆ ನುಗ್ಗಲಾರದು. ಒಂದು ಸಾಲು ಪೈಪು ತೆಗೆದರೆ ಆ ಓಣಿ ಹಿಡಿದೇ ಸಾಗುತ್ತದೆ. ಬಿದಿರು ಬಳಸಬಾರದೇ ಎಂದು ಇಲ್ಲಿ ಎಲ್ಲರೂ ಕೇಳುತ್ತಾರೆ. ಗೆಣ್ಣಿನಿಂದ ಗೆಣ್ಣಿಗೆ ದಪ್ಪ ಬದಲಾಗುವುದರಿಂದ ಲೆಕ್ಕ ಕೂಡುವುದಿಲ್ಲ.

ಕಷ್ಟವಿರುವುದು ಓಣಿಯ ಮೂಲೆಯಲ್ಲಿ. ಸುಮ್ಮನೆ ತಿರುಗಿಸಿದರೆ ಶಬ್ದ ಹಿಂದಕ್ಕೆ ಪುಟಿಯುತ್ತದೆ. ಅಲ್ಲಿನ 5×5 ಜಾಗಗಳಲ್ಲಿ ಎಲ್ಲಿ ಪೈಪು ಇರಬೇಕು, ಎಲ್ಲಿ ಬೇಡ ಎಂಬುದನ್ನು ಕಂಪ್ಯೂಟರಿಗೆ ಬಿಡುತ್ತೇನೆ. 25 ಜಾಗವೆಂದರೆ 3.3 ಕೋಟಿಗೂ ಹೆಚ್ಚು ಜೋಡಣೆ. ಕರ್ಣದ ಎರಡೂ ಬದಿ ಒಂದೇ ಥರ ಇರಲಿ ಎಂದರೆ 15 ತೀರ್ಮಾನ, 32,768 ಜೋಡಣೆ. ಒಳ್ಳೆಯ ಜೋಡಣೆಗಳನ್ನು ಬೆರೆಸಿ, ಚೂರು ಬದಲಿಸಿ, ತಲೆಮಾರಿನಿಂದ ತಲೆಮಾರಿಗೆ ಉತ್ತಮಗೊಳಿಸುವ ಜೆನೆಟಿಕ್ ಆಲ್ಗರಿದಮ್‌ನಲ್ಲಿ 40 ಜೋಡಣೆಗಳ ಗುಂಪು, 60 ತಲೆಮಾರು ಇಟ್ಟರೆ ಹೆಚ್ಚೆಂದರೆ 2,400 ಲೆಕ್ಕ. ಜಾಗವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಶಬ್ದದ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ಬಲೆಯ ಕಣ್ಣು 1 ಸೆಂ.ಮೀ. ಮೀರದಿರಲಿ, ಪೈಪುಗಳ ನಡುವಿನ ಸಂದೇ 4 ಸೆಂ.ಮೀ. ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು, ಹಾಗಾಗಿ ಪ್ರತಿ ತಲೆಮಾರನ್ನೂ ಡಿಸ್ಕಿಗೆ ಉಳಿಸಬೇಕು.

ಕೆಲಸ ಗೆಲ್ಲುವುದೂ ಕೆಡುವುದೂ ಕಂಪ್ಯೂಟರಿಗೆ ಗುರಿಯನ್ನು ಹೇಗೆ ಬರೆದಿರಿ ಎಂಬುದರ ಮೇಲೆ. ಓಣಿಯ ಹೊರಬಾಯಲ್ಲಿ ಒಂದು ಬಿಂದುವಿನ ಒತ್ತಡ ಹೆಚ್ಚಿಸು ಎಂದರೆ ಅದು ಆ ಬಿಂದುವಿನಲ್ಲೇ ಅನುರಣನ ಕಟ್ಟಿ ಕೊಡುತ್ತದೆ. ಜೋಡಣೆಗೆ ಸಿಗುವ ಅಂಕ ಚೆನ್ನಾಗಿರುತ್ತದೆ, ಶಬ್ದ ಹೊರಗೆ ಬರುವುದಿಲ್ಲ. ಬಾಯಿಯ ಇಡೀ ಅಗಲದಲ್ಲಿ ದಾಟುವ ಶಕ್ತಿಯನ್ನೇ ಅಳೆಯಬೇಕು. ಒಂದೇ ಆವರ್ತನವೂ ಸಾಲದು. ಬೆಳಗಿನ 15 ಡಿಗ್ರಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 340 ಮೀಟರ್, ಮಧ್ಯಾಹ್ನದ 28 ಡಿಗ್ರಿಯಲ್ಲಿ 348. ಜಾಲ ತಡೆಯುವ ಶಬ್ದದ ಮಧ್ಯ ಆವರ್ತನ ಅಷ್ಟರಲ್ಲೇ 26 ಹರ್ಟ್ಸ್ ಮೇಲೇರುತ್ತದೆ. ಅದಕ್ಕೇ 1080ರಿಂದ 1200 ಹರ್ಟ್ಸ್ ನಡುವೆ ಐದು ಆವರ್ತನಗಳಲ್ಲಿ ಲೆಕ್ಕ ಹಾಕಿ, ದಾಟಿದ ಶಕ್ತಿಗಳಲ್ಲಿ ಅತಿ ಕಡಿಮೆಯದನ್ನೇ ಅಂಕವಾಗಿ ಕೊಡುತ್ತೇನೆ. ಕೊನೆಗೆ ಉಳಿದ ಹತ್ತು ಜೋಡಣೆಗಳಲ್ಲಿ ಪ್ರತಿ ಪೈಪನ್ನೂ 2 ಮಿ.ಮೀ. ಅತ್ತಿತ್ತ ಸರಿಸಿ ಮತ್ತೆ ಲೆಕ್ಕ. ಆಗಲೂ ಅಂಕ ಕುಸಿಯದ್ದನ್ನು ಮಾತ್ರ ಕಟ್ಟುವುದು, ಅಂಕದಲ್ಲಿ ಮೂರನೆಯದಾದರೂ ಸರಿ.

ಪೈಪಿನ ಅಂಚಿಗೂ ಹಲಗೆಗೂ ನಡುವೆ 2 ಮಿ.ಮೀ. ಫೋಮ್ ಪಟ್ಟಿ ಬೇಕೇ ಬೇಕು. ಜೂನ್‌ನಲ್ಲಿ ಪ್ಲೈವುಡ್ ತೇವ ಹೀರಿ ಬಾಗಿದರೆ ಸಂದು ಬಿಟ್ಟು, ಪೈಪಿನೊಳಗಿನ ಗಾಳಿಯೂ ಕಂಪಿಸತೊಡಗುತ್ತದೆ. ಮರೈನ್ ಪ್ಲೈ ಹಾಕಿ, ಕೊಯ್ದ ಅಂಚಿಗೆ ವಾರ್ನಿಷ್ ಹೊಡೆಯಿರಿ. ಅಳತೆ ಲೆಕ್ಕಕ್ಕೆ ಹೊಂದದಿದ್ದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಟಾರ್ಚ್ ಹಿಡಿದು ಸಂದು ಹುಡುಕಿ. ಇವೆರಡೂ ಸರಿಯಿದ್ದರೆ ಮಾತ್ರ ಪ್ರೋಗ್ರಾಂ ತೆರೆಯಿರಿ.