ಕ್ಯಾನ್ಸರ್ ಟ್ರಯಲ್‌ಗೆ ರೋಗಿಗಳು ಸಿಗುತ್ತಿಲ್ಲವೇ? ಸರ್ಕಾರಿ ದುಡ್ಡನ್ನು ಹೀಗೆ ಬಳಸಿ

ಹೊಸ ಕ್ಯಾನ್ಸರ್ ಔಷಧಿ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ತಿಳಿಯಲು ಕ್ಲಿನಿಕಲ್ ಟ್ರಯಲ್, ಅಂದರೆ ರೋಗಿಗಳ ಮೇಲೆ ನಡೆಸುವ ಪರೀಕ್ಷೆ, ಬೇಕು, ಟ್ರಯಲ್‌ಗೆ ರೋಗಿಗಳು ಬೇಕು. ಜನ ಸಾಲದೆ ಅರ್ಧಕ್ಕೇ ನಿಂತ ಟ್ರಯಲ್‌ಗಳು ಬೇಕಾದಷ್ಟಿವೆ. ಇದನ್ನು ಸರಿಪಡಿಸಲು ಅನುದಾನ ಬಂತು ಅಂದ್ಕೊಳ್ಳಿ. ಮೊದಲು ತಲೆಗೆ ಬರುವುದು ಪೋಸ್ಟರ್, ಜಾಗೃತಿ ಸಭೆ. ಸ್ವಲ್ಪ ತಡೆಯಿರಿ.

ಮೊದಲು, ಎಲ್ಲಿ ಸೋರುತ್ತಿದೆ ನೋಡಿ. ಅಮೆರಿಕದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, 100 ರೋಗಿಗಳಲ್ಲಿ ಸುಮಾರು 56 ಮಂದಿಗೆ ಅವರು ಹೋಗುವ ಆಸ್ಪತ್ರೆಯಲ್ಲಿ ಹೊಂದುವ ಟ್ರಯಲ್ಲೇ ಇರಲಿಲ್ಲ, ಮತ್ತೆ 21-22 ಮಂದಿ ಅರ್ಹತೆಯ ನಿಯಮಗಳಲ್ಲಿ ಹೊರಗುಳಿದರು. 2021ರ ಇನ್ನೊಂದು ವಿಶ್ಲೇಷಣೆಯಲ್ಲಿ, "ಸೇರ್ತೀರಾ?" ಅಂತ ಕೇಳಿಸಿಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಸುಮಾರು ಶೇ 55ರಷ್ಟು, ಹೂಂ ಅಂದಿದ್ದರು. ರೋಗಿಗಳೇ ಹೆದರುತ್ತಾರೆ ಅಂತ ಸುಮ್ನೆ ದೂರುತ್ತೇವೆ, ಅಲ್ವಾ? ಹಾಗಾಗಿ ಮೂರು ತಿಂಗಳು ಒಂದು ರಿಜಿಸ್ಟರ್ ಇಡಿ: ಹೊಸದಾಗಿ ಬಂದವರೆಷ್ಟು, ಟ್ರಯಲ್ ಇದ್ದದ್ದು ಎಷ್ಟು ಮಂದಿಗೆ, ಅರ್ಹರೆಷ್ಟು, ಕೇಳಿದ್ದು ಎಷ್ಟು ಜನರನ್ನು, ಸೇರಿದವರೆಷ್ಟು.

ಆಮೇಲೆ ಜನರನ್ನು ನೇಮಿಸಿ. ದುಡ್ಡಿನ ದೊಡ್ಡ ಪಾಲು ಇಲ್ಲಿಗೇ ಹೋಗಲಿ. ಇಂಗ್ಲೆಂಡಿನಲ್ಲಿ 2001ರಲ್ಲಿ ನ್ಯಾಷನಲ್ ಕ್ಯಾನ್ಸರ್ ರಿಸರ್ಚ್ ನೆಟ್‌ವರ್ಕ್ ಶುರುವಾದಾಗ, ಸೇರುವವರ ಸಂಖ್ಯೆ ಮೂರು ವರ್ಷದಲ್ಲಿ ದುಪ್ಪಟ್ಟಾಗಬೇಕು ಅನ್ನುವ ಗುರಿ ಇತ್ತು, ಅದನ್ನು ಮುಟ್ಟಿಯೂ ಬಿಟ್ಟರು. ಮಂತ್ರವೇನೂ ಇಲ್ಲ, ಸರ್ಕಾರದ ದುಡ್ಡಲ್ಲಿ ಆಸ್ಪತ್ರೆಗಳಿಗೆ ರಿಸರ್ಚ್ ನರ್ಸ್‌ಗಳನ್ನೂ ದಾಖಲೆ ನೋಡಿಕೊಳ್ಳುವವರನ್ನೂ ಕೊಟ್ಟರು. ಹೊರಗೆ ರೋಗಿಗಳ ಸಾಲು ನಿಂತಿರುವಾಗ ಡಾಕ್ಟರಿಗೆ ಕೂತು ಟ್ರಯಲ್ ವಿವರಿಸಿ, ಪ್ರಶ್ನೆಗಳಿಗೆ ಉತ್ತರಿಸಿ, ಒಪ್ಪಿಗೆ ಪತ್ರ ಓದಿಸಿ, ಆಮೇಲೆ ಫಾರಂ ತುಂಬುವಷ್ಟು ಪುರುಸೊತ್ತು ಎಲ್ಲಿರುತ್ತದೆ? ಒಂದೇ ವರ್ಷದ ಗುತ್ತಿಗೆ ಮಾತ್ರ ಬೇಡ. ಕೆಲಸ ಕಲಿಯುವ ಹೊತ್ತಿಗೆ ನರ್ಸ್ ಬೇರೆ ನೌಕರಿ ಹುಡುಕುತ್ತಿರುತ್ತಾರೆ.

ಮೂರನೆಯದು, ಟ್ರಯಲ್ ಅನ್ನೇ ರೋಗಿಯ ಹತ್ತಿರ ಒಯ್ಯಿರಿ. ಅಮೆರಿಕದ ನ್ಯಾಷನಲ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ 1983ರಿಂದಲೇ ಊರಿನ ಆಸ್ಪತ್ರೆಗಳಿಗೆ ಇದಕ್ಕಾಗಿ ಹಣ ಕೊಡುತ್ತಿದೆ. 2014ರಿಂದ ಆ ಕಾರ್ಯಕ್ರಮದ ಹೆಸರು ಎನ್‌ಸಿಒಆರ್‌ಪಿ (ಎನ್‌ಸಿಐ ಕಮ್ಯುನಿಟಿ ಆಂಕಾಲಜಿ ರಿಸರ್ಚ್ ಪ್ರೋಗ್ರಾಂ). ಪ್ರೊಟೊಕಾಲ್, ಅಂದರೆ ಟ್ರಯಲ್ ಹೇಗೆ ನಡೆಸಬೇಕೆಂಬ ಲಿಖಿತ ಯೋಜನೆ, ಒಪ್ಪುವುದಾದರೆ ಮಾಮೂಲಿ ರಕ್ತ ಪರೀಕ್ಷೆ, ಸ್ಕ್ಯಾನ್ ಹತ್ತಿರದಲ್ಲೇ ಆಗಲಿ, ಅದಕ್ಕೆಲ್ಲ ದೂರದ ದೊಡ್ಡ ಆಸ್ಪತ್ರೆಗೇ ಓಡಾಡಿಸಬೇಡಿ.

ಅರ್ಹತೆಯ ನಿಯಮಗಳನ್ನೂ ಒಮ್ಮೆ ಕೆದಕಿ. ಎಚ್‌ಐವಿ ಇದ್ದವರನ್ನು, ಮೆದುಳಿಗೆ ಕ್ಯಾನ್ಸರ್ ಹರಡಿದವರನ್ನು ಹಿಂದೆಮುಂದೆ ನೋಡದೆ ಹೊರಗಿಡಬೇಡಿ ಅಂತ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ 2017ರಲ್ಲೇ ಹೇಳಿದೆ.

ಇನ್ನು ರೋಗಿಯ ಜೇಬು. ಟ್ರಯಲ್‌ನಲ್ಲಿದ್ದರೂ ಮಾಮೂಲಿ ಚಿಕಿತ್ಸೆಯ ಖರ್ಚು ಯಾರದು ಅನ್ನುವುದನ್ನು ಮೊದಲೇ ಇತ್ಯರ್ಥ ಮಾಡಿ. ಅಮೆರಿಕದ ಸರ್ಕಾರಿ ವಿಮೆಗಳಲ್ಲಿ, ಮುಖ್ಯವಾಗಿ ವಯಸ್ಸಾದವರಿಗಿರುವ ಮೆಡಿಕೇರ್ ಇದನ್ನು 2000ದಿಂದ ಕೊಡುತ್ತಿದೆ. ಬಡವರ ಮೆಡಿಕೇಡ್‌ಗೆ ಇದು ಎಲ್ಲ ಕಡೆ ಕಡ್ಡಾಯವಾಗಿದ್ದು 2022ರ ಜನವರಿಯಲ್ಲಿ! ಓಡಾಟ, ಊಟ, ತಪ್ಪಿದ ಕೂಲಿ, ಜೊತೆಗೆ ಬಂದವರ ಖರ್ಚು ಇವನ್ನೂ ಲೆಕ್ಕಕ್ಕೆ ತನ್ನಿ, ಟ್ರಯಲ್‌ಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ, ಆದಷ್ಟೂ ಅದೇ ದಿನ ಕೈಗೆ ಕೊಡಿ. ಬಿಲ್ ಹಾಕಿ ತಿಂಗಳುಗಟ್ಟಲೆ ಕಾಯುವಂತಾದರೆ ಕೈಯಲ್ಲಿ ದುಡ್ಡಿಲ್ಲದವರು ಎರಡನೇ ಭೇಟಿಗೇ ಬರುವುದಿಲ್ಲ.

ಕೊನೆಗೆ ಲೆಕ್ಕ. ತಲೆಗೆ ಇಷ್ಟು ಅಂತ ಮಾತ್ರ ಅನುದಾನ ಕೊಟ್ಟರೆ ಸಿಬ್ಬಂದಿ ರೋಗಿಯನ್ನು ಒತ್ತಾಯಿಸುವ ಅಪಾಯವಿದೆ. ಸೇರಿದವರೆಷ್ಟು ಅನ್ನುವುದರ ಜೊತೆಗೆ ಎಷ್ಟು ಜನರನ್ನು "ಸೇರ್ತೀರಾ?" ಅಂತ ಕೇಳಿದ್ದು ಅನ್ನುವುದನ್ನೂ ಎಣಿಸಿ. ಬೇಡ ಅಂದವರು ಕಾರಣ ಹೇಳಿದರೆ ಅದನ್ನು ಅವರ ಮಾತಿನಲ್ಲೇ ಬರೆದಿಡಿ. ಮುಂದಿನ ಅನುದಾನದ ಅರ್ಜಿಯಲ್ಲಿ ಮೊದಲ ಪುಟಕ್ಕೆ ಅದೇ ಬೇಕಾಗುತ್ತದೆ.